ಹಿತ್ತಲಿಗೆ ಒಂಟಿ ಜೇನು: ಹೂವು, ಮಣ್ಣು, ಬಿದಿರು ಹೊಂದಿಸುವ ಬಗೆ

ಜೇನು ಎಂದ ಕೂಡಲೇ ನಮಗೆ ನೆನಪಾಗುವುದು ಹುಟ್ಟು, ಪೆಟ್ಟಿಗೆ, ತುಪ್ಪ. ಇಲ್ಲಿ ಹೇಳಹೊರಟಿರುವ ಜೇನುಗಳಿಗೆ ಈ ಮೂರೂ ಇಲ್ಲ. ರಾಣಿ ಇಲ್ಲ, ಆಳುಗಳಿಲ್ಲ, ಹಿಂಡೂ ಇಲ್ಲ. ಪ್ರತಿ ಹೆಣ್ಣೂ ತಾನೇ ಜಾಗ ಹುಡುಕಿ, ತಾನೇ ಪರಾಗ ಹೊತ್ತು ತಂದು, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೊರಟುಬಿಡುತ್ತದೆ. ಮರಿಯ ಮುಖ ನೋಡುವ ಭಾಗ್ಯ ಎಷ್ಟೋ ತಾಯಂದಿರಿಗಿಲ್ಲ. ಇವೇ ಒಂಟಿ ಜೇನುಗಳು. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಿವೆ, ಅವುಗಳಲ್ಲಿ ಬಹುಪಾಲು ಹೀಗೆ ಒಬ್ಬೊಬ್ಬರೇ ಬದುಕುವಂಥವು. ತುಡುವೆ, ಹೆಜ್ಜೇನು, ಕೋಲುಜೇನು, ಮುಜಂಟಿ ಇವೆಲ್ಲ ಸೇರಿದರೂ ಸಣ್ಣ ಪಾಲೇ.

ತುಪ್ಪ ಇಲ್ಲ ಅಂದಮೇಲೆ ಇವುಗಳ ಗೊಡವೆ ಯಾಕೆ? ಕಾಯಿ ಕಚ್ಚಲಿ ಅಂತ. ಟೆರೇಸಿನಲ್ಲಿ ಸೌತೆ, ಹಾಗಲ ಹಾಕಿದವರಿಗೆ ಗೊತ್ತು: ಹೂವು ತುಂಬಾ ಬಿಡುತ್ತದೆ, ಹೀಚು ಹಳದಿಯಾಗಿ ಉದುರುತ್ತದೆ. ಗೊಬ್ಬರ ಹಾಕಿದರೂ ಅಷ್ಟೇ, ನೀರು ಹಾಕಿದರೂ ಅಷ್ಟೇ. ಪರಾಗ ಮುಟ್ಟಿಸುವವರು ಬಂದಿಲ್ಲ ಅಂದರೆ ಕಾಯಿ ಎಲ್ಲಿಂದ ಬರಬೇಕು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂಟಿ ಜೇನನ್ನು ಪೇಟೆಯಿಂದ ತಂದು ಸಾಕುವ ಪ್ರಶ್ನೆಯೇ ಇಲ್ಲ. ಅವು ನಿಮ್ಮ ಬೀದಿಯಲ್ಲಿ ಈಗಾಗಲೇ ಇವೆ. ಅವಕ್ಕೆ ಬೇಕಾದ ಹೂವು, ಬರಿ ಮಣ್ಣು, ಒಣಕಡ್ಡಿ ನಮ್ಮ ಚೊಕ್ಕಟ ಹಿತ್ತಲುಗಳಲ್ಲಿ ಇಲ್ಲ, ಅಷ್ಟೇ. ಇನ್ನೊಂದು ವಿಷಯ: ಯೂಟ್ಯೂಬಿನಲ್ಲಿ ಸಿಗುವ ಹೆಚ್ಚಿನ ವಿಡಿಯೋಗಳು ಯುರೋಪ್, ಅಮೆರಿಕದವು. ದಕ್ಷಿಣಕ್ಕೆ ಮುಖ ಮಾಡಿ ಬಿಸಿಲಿಗೆ ಇಡಿ, ಚಳಿಗಾಲದಲ್ಲಿ ಗೂಡು ಬಿಚ್ಚಿ ಕೋಶಗಳನ್ನು ಫ್ರಿಜ್ಜಿನಲ್ಲಿಡಿ ಅನ್ನುತ್ತಾರೆ. ಅದು ವರ್ಷಕ್ಕೊಂದೇ ಪೀಳಿಗೆ ಬರುವ, ಹಿಮ ಬೀಳುವ ಊರಿನ, ಮಣ್ಣಿನಿಂದ ಗೂಡು ಮುಚ್ಚುವ ಮೇಸನ್ ಜೇನುಗಳ ಲೆಕ್ಕ. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಹಾಗೆ ಇಟ್ಟರೆ ಮರಿಗಳು ಗೂಡಿನಲ್ಲೇ ಬೆಂದುಹೋಗುತ್ತವೆ. ಫ್ರಿಜ್ಜಿನ ಮಾತಂತೂ ಬೇಡವೇ ಬೇಡ.

ಬರುವವರು ಯಾರು?

ಗುಲಾಬಿ ಎಲೆಯ ಅಂಚಿನಲ್ಲಿ ಅಳತೆ ಇಟ್ಟು ಕತ್ತರಿಸಿದ ಹಾಗೆ ದುಂಡಗಿನ ಕಚ್ಚು ಕಂಡಿದ್ದೀರಾ? ಕಂಬಳಿಹುಳು ಎಂದುಕೊಂಡು ಎಣ್ಣೆ ಹೊಡೆಯಬೇಡಿ. ಅದು ಎಲೆ ಕತ್ತರಿಸುವ ಜೇನಿನ ಕೆಲಸ, ಮೆಗಾಕೈಲ್ ಎಂಬ ಕುಲದ್ದು. ಒಮ್ಮೆ ನಿಂತು ನೋಡಿ. ಎಲೆಯ ಅಂಚಿಗೆ ಕಾಲು ಕೊಟ್ಟು ಕೂರುತ್ತದೆ, ದವಡೆಯಿಂದ ಕತ್ತರಿಸುತ್ತಾ ತನ್ನ ಸುತ್ತಲೇ ತಿರುಗುತ್ತದೆ. ಕೊನೆಯ ಎಳೆ ಕತ್ತರಿಸುವ ಮೊದಲೇ ರೆಕ್ಕೆ ಗುಂಯ್‌ಗುಟ್ಟಲು ಶುರುವಾಗಿರುತ್ತದೆ. ತುಂಡು ಬಿಡಿಸಿಕೊಂಡದ್ದೇ ತಡ, ಅದನ್ನು ಹೊಟ್ಟೆಯಡಿಗೆ ಮಡಚಿ ಹಿಡಿದು ಹಾರಿಬಿಡುತ್ತದೆ. ಇಡೀ ಆಟ ಕೆಲವೇ ಸೆಕೆಂಡಿನದು. ಉದ್ದನೆಯ ತುಂಡುಗಳು ಗೂಡಿನ ಗೋಡೆಗೆ, ದುಂಡನೆಯವು ಮುಚ್ಚಳಕ್ಕೆ. ಇದರ ಇನ್ನೊಂದು ಗುರುತು, ಪರಾಗವನ್ನು ಕಾಲಿನಲ್ಲಲ್ಲ, ಹೊಟ್ಟೆಯ ಕೆಳಗಿನ ಕೂದಲಿನಲ್ಲಿ ಹೊರುತ್ತದೆ. ಹೊಟ್ಟೆಯ ಅಡಿ ಹಳದಿಯಾಗಿ ಕಂಡರೆ ಇದೇ ಗುಂಪು ಎನ್ನಬಹುದು. ಇದೇ ಕುಲದ ಕೆಲವು ಜಾತಿಗಳು ಎಲೆಯ ಬದಲು ಮಣ್ಣು ಅಥವಾ ಮರದ ಅಂಟು ಬಳಸುತ್ತವೆ. ಕಿಟಕಿ ಚೌಕಟ್ಟಿನ ಮೊಳೆ ತೂತು, ಬೀಗದ ಕಿಂಡಿ ಮಣ್ಣಿನಿಂದ ಮುಚ್ಚಿಹೋಗುವುದು ಎಷ್ಟೋ ಸಲ ಇವುಗಳಿಂದಲೇ.

ಎರಡನೆಯದು ನೀಲಿ ಪಟ್ಟೆ ಜೇನು, ಅಮೆಜಿಲ್ಲ. ಕಪ್ಪು ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳು. ಒಂದು ಕಡೆ ನಿಲ್ಲುವ ಜಾಯಮಾನವೇ ಇಲ್ಲ; ಹೂವಿನ ಮುಂದೆ ಗಾಳಿಯಲ್ಲಿ ನಿಂತು, ಸರ್ರನೆ ಇನ್ನೊಂದಕ್ಕೆ ಜಾರುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ಗಂಡುಗಳು ಒಣಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ತೂಗಾಡುತ್ತಾ ನಿದ್ದೆ ಮಾಡುತ್ತವೆ. ಟಾರ್ಚ್ ಹಿಡಿದು ಹೋದರೆ ಕೈಗೆಟುಕುವಷ್ಟು ಹತ್ತಿರದಿಂದ ನೋಡಬಹುದು. ಗೂಡು ಮಾತ್ರ ಮಣ್ಣಿನಲ್ಲಿ.

ಮೂರನೆಯದು ಎಲ್ಲರಿಗೂ ಗೊತ್ತಿರುವ ಕರಿದುಂಬಿ, ಅಂದರೆ ಸೈಲೋಕೋಪ. ಒಣಮರ, ಬಿದಿರು ಕೊರೆದು ಗೂಡು ಮಾಡುತ್ತದೆ. ಸದ್ದು ಜೋರು, ಸ್ವಭಾವ ಸಾಧು. ಈ ಬಳಗದ ಸೈಲೋಕೋಪ ಟ್ರಾಂಕ್ವೆಬಾರಿಕಾ ಎಂಬ ಜಾತಿ ಚಂದ್ರನಿಲ್ಲದ ರಾತ್ರಿಯಲ್ಲೂ ಹಾರಿ ಹೂವು ಹುಡುಕುತ್ತದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಇದನ್ನು ಗುರುತಿಸಿದ್ದಾರೆ.

ಇವುಗಳ ಜೊತೆ ಇರುವೆಯಷ್ಟೇ ದೊಡ್ಡ, ಹಸಿರು ಅಥವಾ ನೀಲಿಗಪ್ಪಾಗಿ ಮಿನುಗುವ ಸೆರಟಿನ ಜೇನುಗಳು, ಬೆವರಿಗೆ ಬಂದು ಕೂರುವ ಪುಟಾಣಿ ಹಾಲಿಕ್ಟಿಡ್ ಜೇನುಗಳು ಇರುತ್ತವೆ. ನೊಣವೋ ಸೊಳ್ಳೆಯೋ ಎಂದು ಓಡಿಸುವವರೇ ಜಾಸ್ತಿ.

ಯಾವ ಬೆಳೆಗೆ ನಿಜವಾಗಿ ಲಾಭ?

ಬದನೆ, ಟೊಮೆಟೊ, ಮೆಣಸಿನಕಾಯಿ ಒಂದೇ ಬಳಗ. ಟೊಮೆಟೊ, ಬದನೆ ಹೂವಿನ ಪರಾಗಕೋಶ ತಾನಾಗಿ ಪರಾಗವನ್ನು ಹೊರಗೆ ಚೆಲ್ಲುವುದಿಲ್ಲ. ಪರಾಗ ಒಳಗೇ ಇರುತ್ತದೆ, ಅಲುಗಾಡಿಸಿದರೆ ಮಾತ್ರ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬರುವುದಿಲ್ಲ. ನೀಲಿ ಪಟ್ಟೆ ಜೇನು ಮತ್ತು ಕರಿದುಂಬಿ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನಷ್ಟೇ ಕಂಪಿಸಿ ಪರಾಗ ಉದುರಿಸಿಕೊಳ್ಳುತ್ತವೆ. ಆಗ ಹಾರುವ ಸದ್ದಿಗಿಂತ ಏರುದನಿಯ ಝುಂಯ್ ಕೇಳುತ್ತದೆ. ಬದನೆ ಸಾಲಿನ ಪಕ್ಕ ಬೆಳಿಗ್ಗೆ ಸುಮ್ನೆ ನಿಂತರೆ ಸಾಕು, ಕಿವಿಗೆ ಬೀಳುತ್ತದೆ. ಆಸ್ಟ್ರೇಲಿಯಾದ ಒಂದು ಅಮೆಜಿಲ್ಲ ಜಾತಿಯಂತೂ ಸೆಕೆಂಡಿಗೆ ಸುಮಾರು 350 ಸಲ ತಲೆಯನ್ನು ಪರಾಗಕೋಶಕ್ಕೆ ಬಡಿಯುತ್ತದೆ ಎಂದು ಅಲ್ಲಿನ ಸಂಶೋಧಕರು 2015ರಲ್ಲಿ ದಾಖಲಿಸಿದ್ದಾರೆ. ಟೊಮೆಟೊ ಗಾಳಿಗೆ ಅಲುಗಾಡಿಯೂ ಕಾಯಿ ಕಚ್ಚುತ್ತದೆ, ನಿಜ. ನಾಲ್ಕು ಗೋಡೆ ನಡುವಿನ ಬಾಲ್ಕನಿಯಲ್ಲಿ ಆ ಗಾಳಿ ಎಲ್ಲಿರುತ್ತದೆ?

ಕುಂಬಳ, ಸೌತೆ, ಹಾಗಲ, ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ದಪ್ಪ, ಅಂಟಂಟು. ಕೀಟ ಬಾರದೆ ಕೆಲಸ ಆಗುವುದಿಲ್ಲ. ಕುಂಬಳದ ಹೂವು ನಸುಕಿಗೆ ಅರಳಿ ಮಧ್ಯಾಹ್ನದೊಳಗೆ ಮುದುಡುವುದರಿಂದ, ಬೆಳಿಗ್ಗೆ ಬೇಗ ಏಳುವ ಜೇನೇ ಬೇಕು. ಪ್ಯಾಶನ್ ಫ್ರೂಟ್ ಬಳ್ಳಿ ಇದ್ದವರು ಕರಿದುಂಬಿಗೆ ಕೈಮುಗಿಯಬೇಕು. ಆ ಹೂವಿನ ಪರಾಗಕೋಶ ಎಷ್ಟು ಎತ್ತರದಲ್ಲಿದೆ ಎಂದರೆ, ಸಣ್ಣ ಜೇನುಗಳು ಅಡಿಯಲ್ಲೇ ನುಸುಳಿ ಮಕರಂದ ಕುಡಿದು ಹೋಗುತ್ತವೆ, ಬೆನ್ನಿಗೆ ಪರಾಗ ತಾಗುವುದೇ ಇಲ್ಲ. ದುಂಬಿಯ ಬೆನ್ನಿಗೆ ತಾಗುತ್ತದೆ. ಹಳದಿ ಹಣ್ಣಿನ ತಳಿಗೆ ಬೇರೆ ಗಿಡದ ಪರಾಗವೇ ಬೇಕಾಗುವುದರಿಂದ ದುಂಬಿ ಇಲ್ಲದಿದ್ದರೆ ಕೈಯಿಂದಲೇ ಮುಟ್ಟಿಸಬೇಕು.

ತೊಗರಿ, ಅಲಸಂದೆ, ನುಗ್ಗೆ, ಸೂರ್ಯಕಾಂತಿಗೂ ಇವುಗಳ ಸಹಾಯ ಉಂಟು. ನಿಮ್ಮಲ್ಲಿ ಇರುವುದು ಬರೀ ಸೊಪ್ಪು, ಬಾಳೆ, ಗೆಡ್ಡೆ ಆದರೆ ಕಾಯಿಯ ಆಸೆಗೆ ಇಷ್ಟೆಲ್ಲ ಮಾಡಬೇಕಿಲ್ಲ. ನೋಡುವ ಖುಷಿಗೆ ಮಾಡಿ.

ಹೆಜ್ಜೆ 1: ಹೂವಿನ ಸಾಲು

ಗೂಡಿಗಿಂತ ಮೊದಲು ಹೂವು. ಸಣ್ಣ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರಿನಾಚೆ ಹೋಗುವುದು ಕಡಿಮೆ. ಆಚೆ ಬೀದಿಯ ಉದ್ಯಾನವನ ನಂಬಿಕೊಂಡರೆ ಆಗದು.

ನನ್ನ ಮೊದಲ ಆಯ್ಕೆ ತುಳಸಿ ಮತ್ತು ಕಾಮಕಸ್ತೂರಿ. ತೆನೆ ಚಿವುಟದೆ ಹೂವಿಗೆ ಬಿಡಿ. ಆಮೇಲೆ ತುಂಬೆ. ಯಾರೂ ನೆಡದೆ ಮಳೆಗಾಲದಲ್ಲಿ ತಾನಾಗಿ ಹುಟ್ಟುವ ಈ ಗಿಡವನ್ನು ಕಳೆ ಎಂದು ಕಿತ್ತು ಬಿಸಾಡುತ್ತೇವೆ. ನೀಲಿ ಪಟ್ಟೆ ಜೇನಿಗೆ ಇದು ಅಚ್ಚುಮೆಚ್ಚು. ಕೊತ್ತಂಬರಿ, ಮೂಲಂಗಿ ಒಂದೆರಡು ಗಿಡ ಕೀಳದೆ ಹೂವಾಗಲು ಬಿಡಿ. ಜಾಗ ಇದ್ದರೆ ಬೇಲಿಯ ಉದ್ದಕ್ಕೂ ತೊಗರಿ ಹಾಕಿ. ಹೂವು ದುಂಬಿಗೆ, ಎಲೆ ಕತ್ತರಿಸುವ ಜೇನಿಗೆ, ಕಾಳು ನಿಮಗೆ. ಸೆಣಬಿನ ಹೂವಿಗೂ ಇವೆರಡೂ ಮುತ್ತುತ್ತವೆ. ಬಯಲುಸೀಮೆಯವರು ತಂಗಡಿ ನೆಡಬಹುದು. ಅದರ ಹಳದಿ ಹೂವೂ ಬದನೆಯ ಹಾಗೆ ಕಂಪಿಸಿದರೆ ಮಾತ್ರ ಪರಾಗ ಕೊಡುತ್ತದೆ.

ಅಂದಕ್ಕೆ ತರುವ ಮುದ್ದೆ ಮುದ್ದೆ ಎಸಳಿನ ಹೂಗಳನ್ನು ನೆಚ್ಚಬೇಡಿ. ಎಸಳು ಹೆಚ್ಚಾದಷ್ಟೂ ಪರಾಗ ಕಡಿಮೆ. ಒಂದೇ ಸುತ್ತು ಎಸಳಿನ ಕಾಸ್ಮಾಸ್, ಸೂರ್ಯಕಾಂತಿ ಉತ್ತಮ. ಒಂದೇ ಗಿಡವನ್ನು ಅಲ್ಲೊಂದು ಇಲ್ಲೊಂದು ಇಡುವುದಕ್ಕಿಂತ ನಾಲ್ಕೈದನ್ನು ಒಟ್ಟಿಗೆ ನೆಟ್ಟರೆ ಜೇನಿಗೆ ಓಡಾಟ ಉಳಿಯುತ್ತದೆ. ವರ್ಷದ ಯಾವ ತಿಂಗಳಲ್ಲೂ ಹಿತ್ತಲು ಪೂರ್ತಿ ಹೂವಿಲ್ಲದೆ ಇರದಂತೆ ನೋಡಿಕೊಳ್ಳಿ, ಮುಖ್ಯವಾಗಿ ಮೇ ತಿಂಗಳಲ್ಲಿ. ಗುಲಾಬಿ, ಬೋಗನ್‌ವಿಲ್ಲಾ ಎಲೆ ಕತ್ತರಿಸಿದರೆ ಕತ್ತರಿಸಲಿ ಬಿಡಿ, ಗಿಡಕ್ಕೇನೂ ಆಗುವುದಿಲ್ಲ.

ಹೆಜ್ಜೆ 2: ಬಿದಿರಿನ ಗೂಡು

ಆನ್‌ಲೈನಿನಲ್ಲಿ ಸಿಗುವ ಚಂದದ ಬೀ ಹೋಟೆಲ್‌ಗಳಿಗೆ ದುಡ್ಡು ಸುರಿಯಬೇಡಿ. ಪೈನ್ ಕಾಯಿ, ಮರದ ಚಕ್ಕೆ ತುಂಬಿದ ಖಾನೆಗಳಲ್ಲಿ ಜೇನು ಗೂಡು ಕಟ್ಟುವುದಿಲ್ಲ, ಜೇಡ ಜಿರಲೆ ಸೇರಿಕೊಳ್ಳುತ್ತವೆ. ಎರಡೂ ಕಡೆ ಬಾಯಿ ತೆರೆದ ಕೊಳವೆಗಳಂತೂ ಪೂರ್ತಿ ದಂಡ.

ಬೇಕಾಗುವುದು ಇಷ್ಟು: ಬೇರೆ ಬೇರೆ ದಪ್ಪದ ಒಣ ಬಿದಿರು, ಸಣ್ಣ ಹಲ್ಲಿನ ಗರಗಸ ಅಥವಾ ಹ್ಯಾಕ್ಸಾ, ಉಪ್ಪು ಕಾಗದ, ದಾರ, ಮೇಲೆ ಮುಚ್ಚಲು ಒಂದು ಹೆಂಚು. ಮಲೆನಾಡಿನವರಿಗೆ ವಾಟೆ ಬಿದಿರು ಸಿಕ್ಕರೆ ಕೇಳುವುದೇ ಬೇಡ. ತೆಳು ಗೋಡೆ, ಒಳಗೆ ಟೊಳ್ಳು. ಪೇಟೆಯವರು ಬುಟ್ಟಿ, ಏಣಿ ಮಾರುವ ಬಿದಿರಿನ ಅಂಗಡಿಯಲ್ಲಿ ತುದಿ ತುಂಡುಗಳನ್ನು ಕೇಳಿ. ಹರಳು ಗಿಡದ ಒಣಗಿದ ಕಾಂಡವೂ ನಡೆಯುತ್ತದೆ, ಬಾಳಿಕೆ ಮಾತ್ರ ಕಡಿಮೆ.

ಹಸಿ ಬಿದಿರಾದರೆ ಎರಡು ವಾರ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಿನಲ್ಲಿ ಒಣಗಿಸಿ. ಬಿದಿರಿನ ಪಿಷ್ಟ ನೀರಿಗೆ ಇಳಿಯುವುದರಿಂದ ಕುಟ್ಟೆ ಹಿಡಿಯುವುದು ಕಡಿಮೆಯಾಗುತ್ತದೆ. ವಾರ್ನಿಶ್, ಗೆದ್ದಲಿನ ಔಷಧಿ ಹಚ್ಚಲೇಬಾರದು.

ಈಗ ಕತ್ತರಿಸುವುದು. ಗೆಣ್ಣಿನ ಸ್ವಲ್ಪ ಹಿಂದೆ ಒಂದು ಕಡೆ, ಮುಂದೆ ಸುಮಾರು 15 ಸೆಂ.ಮೀ. ಬಿಟ್ಟು ಇನ್ನೊಂದು ಕಡೆ. ಗೆಣ್ಣೇ ಹಿಂದಿನ ಗೋಡೆಯಾಗುತ್ತದೆ. ಗೆಣ್ಣಿಲ್ಲದ ತುಂಡಾದರೆ ಹಿಂಬದಿಗೆ ಜೇಡಿಮಣ್ಣು ಒತ್ತಿ ಮುಚ್ಚಿ. 15 ಸೆಂ.ಮೀ. ಯಾಕೆ ಎಂದರೆ, ತಾಯಿ ಜೇನು ಒಳಗಿನ ಕೋಣೆಗಳಲ್ಲಿ ಹೆಣ್ಣು ಮೊಟ್ಟೆಗಳನ್ನೂ ಬಾಗಿಲ ಹತ್ತಿರ ಗಂಡು ಮೊಟ್ಟೆಗಳನ್ನೂ ಇಡುತ್ತದೆ. ಗಂಡುಗಳು ಮೊದಲು ಹೊರಬೀಳಬೇಕಲ್ಲ, ಅದಕ್ಕೆ. ಕೊಳವೆ ಗಿಡ್ಡವಾದರೆ ಗಂಡುಗಳ ಸಂಖ್ಯೆ ಹೆಚ್ಚಾಗಿ, ಮುಂದಿನ ಪೀಳಿಗೆಯಲ್ಲಿ ಗೂಡು ಕಟ್ಟುವವರೇ ಇರುವುದಿಲ್ಲ.

ಒಳಗಿನ ತೂತಿನ ಅಗಲ 4ರಿಂದ 10 ಮಿ.ಮೀ. ನಡುವೆ ಇರಲಿ. 6ರಿಂದ 8 ಮಿ.ಮೀ. ಇರುವವು ಹೆಚ್ಚು, ಉಳಿದವು ಅಷ್ಟಿಷ್ಟು. ಪೆನ್ಸಿಲ್ ಸಲೀಸಾಗಿ ಒಳಗೆ ಹೋದರೆ ಅದು ಸುಮಾರು 8 ಮಿ.ಮೀ. ಎಂದು ಲೆಕ್ಕ. ಬಾಯಿಯ ಅಂಚಿಗೆ ಉಪ್ಪು ಕಾಗದ ಹಾಕಿ ಚೆನ್ನಾಗಿ ಉಜ್ಜಿ. ಸಿಬಿರು ಇದ್ದರೆ ರೆಕ್ಕೆ ಹರಿಯುತ್ತದೆ, ಜೇನು ಅಂಥ ತೂತಿನ ಹತ್ತಿರ ಬಂದು ವಾಪಸ್ ಹೋಗುತ್ತದೆ. ಒಳಗಿನ ಪೊರೆ, ಪುಡಿಯನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ.

ಬಿದಿರೇ ಸಿಗದಿದ್ದರೆ ಚೆನ್ನಾಗಿ ಒಣಗಿದ ಗಟ್ಟಿ ಮರದ ತುಂಡಿಗೆ ಡ್ರಿಲ್ ಹಾಕಬಹುದು. ಇನ್ನೊಂದು ಬದಿಗೆ ತೂತು ಬೀಳದಂತೆ ನೋಡಿಕೊಳ್ಳಿ. ತೂತಿನೊಳಗೆ ಬಟರ್ ಪೇಪರ್ ಸುರುಳಿ ಸೇರಿಸಿದರೆ ಆಮೇಲೆ ಸ್ವಚ್ಛ ಮಾಡುವುದು ಸುಲಭ. ಪ್ಲಾಸ್ಟಿಕ್ ಸ್ಟ್ರಾ, ಗಾಜಿನ ಕೊಳವೆ ಬೇಡ. ಒಳಗೆ ತೇವ ನಿಂತು ಬೂಷ್ಟು ಬರುತ್ತದೆ.

ಇಪ್ಪತ್ತು ಮೂವತ್ತು ಕೊಳವೆಗಳನ್ನು ಸೇರಿಸಿ ಬಿಗಿಯಾಗಿ ಕಟ್ಟಿ, ಅಡ್ಡ ಮಲಗಿಸಿದ ಮಣ್ಣಿನ ಕುಂಡದೊಳಗೆ ಅಥವಾ ಮರದ ಡಬ್ಬಿಯೊಳಗೆ ತುರುಕಿ. ಬಾಯಿ ಒಂದೆರಡು ಡಿಗ್ರಿ ಕೆಳಗೆ ವಾಲಿರಲಿ, ನೀರು ಒಳಗೆ ಇಳಿಯಬಾರದು. ತಗಡಿನ ಪೇಂಟ್ ಡಬ್ಬ ಕಾದು ಹೋಗುತ್ತದೆ, ಅದನ್ನು ಬಿಟ್ಟುಬಿಡಿ. ಒಂದು ದೊಡ್ಡ ಗೂಡಿಗಿಂತ ಹಿತ್ತಲಿನ ಮೂರು ಕಡೆ ಮೂರು ಸಣ್ಣ ಗೂಡು ಎಷ್ಟೋ ವಾಸಿ. ಎಲ್ಲ ಒಂದೇ ಕಡೆ ಸೇರಿದರೆ ಹುಳದ ಕಾಟ, ಬೂಷ್ಟು ಎಲ್ಲಕ್ಕೂ ಹರಡುತ್ತದೆ.

ಹೆಜ್ಜೆ 3: ಎಲ್ಲಿ, ಯಾವಾಗ ಇಡಬೇಕು

ಪೂರ್ವ ಅಥವಾ ಆಗ್ನೇಯಕ್ಕೆ ಮುಖ. ಬೆಳಗಿನ ಎಳೆಬಿಸಿಲು ಬಿದ್ದು ಜೇನಿನ ಮೈ ಬೆಚ್ಚಗಾಗಬೇಕು, ಹತ್ತೂವರೆ ಹನ್ನೊಂದರ ಮೇಲೆ ನೆರಳಿರಬೇಕು. ಪಡುವಣ ಗೋಡೆ ಬೇಡ. ಎದೆಯೆತ್ತರದಲ್ಲಿ, ಸೂರಿನ ಕೆಳಗೋ ಸಜ್ಜಾದ ಕೆಳಗೋ ಇಡಿ. ಅದರ ಮುಂದೆ ಎಲೆ, ಬಳ್ಳಿ ಅಡ್ಡ ಬರದಿರಲಿ.

ಗೂಡು ಅಲುಗಾಡಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೊಂಬೆಯಿಂದ ದಾರ ಕಟ್ಟಿ ತೂಗುಹಾಕುವವರೇ ಜಾಸ್ತಿ. ಗಾಳಿಗೆ ತೂಗುವ ಗೂಡಿಗೆ ಜೇನು ಬರುವುದಿಲ್ಲ. ಬಂದರೂ ಪರಾಗದ ಮುದ್ದೆಯ ಮೇಲೆ ಕೂತ ಮೊಟ್ಟೆ ಜಾರಿ ಬೀಳಬಹುದು. ಗೋಡೆಗೆ ಮೊಳೆ ಹೊಡೆದು ಬಿಗಿಯಿರಿ, ಅಥವಾ ಕಂಬಕ್ಕೆ ಕಟ್ಟಿ. ಒಮ್ಮೆ ಜೇನು ವಾಸ ಶುರುಮಾಡಿದ ಮೇಲೆ ಜಾಗ ಬದಲಿಸಬೇಡಿ. ಎರಡಡಿ ಸರಿಸಿದರೂ ತಾಯಿಗೆ ಗುರುತು ತಪ್ಪುತ್ತದೆ.

ಬಯಲುಸೀಮೆಯಲ್ಲಿ ಗಣೇಶನ ಹಬ್ಬದ ಹೊತ್ತಿಗೆ ಗೂಡು ತಯಾರಿದ್ದರೆ, ಮಳೆ ತಗ್ಗಿದ ಮೇಲೆ ತೊಗರಿ, ಅವರೆ ಹೂವಾಗುವಾಗ ಕೆಲಸಕ್ಕೆ ಬರುತ್ತದೆ. ಮಲೆನಾಡು, ಕರಾವಳಿಯವರು ಜಡಿಮಳೆ ನಿಂತ ಮೇಲೆ ಹೊರಗಿಟ್ಟರೆ ಸಾಕು. ಜೂನಿನಿಂದ ಇಟ್ಟರೆ ಬಿದಿರಿಗೆ ಬೂಷ್ಟು ಹಿಡಿಯುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಹತ್ತಿರದಲ್ಲೇ ಒಂದು ತಟ್ಟೆಯಲ್ಲಿ ಕಲ್ಲು ಹಾಕಿ ನೀರು, ಇನ್ನೊಂದರಲ್ಲಿ ಕಲಸಿದ ಜೇಡಿಮಣ್ಣು ಇಡಿ. ಮಣ್ಣಿನಿಂದ ಬಾಗಿಲು ಮುಚ್ಚುವ ಜಾತಿಗಳಿಗೆ ಬೇಸಿಗೆಯಲ್ಲಿ ಹಸಿಮಣ್ಣು ಸಿಗುವುದೇ ಕಷ್ಟ. ನೀರನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಹೆಜ್ಜೆ 4: ಮಣ್ಣಿನ ಗೂಡು

ಒಂಟಿ ಜೇನುಗಳಲ್ಲಿ ಹೆಚ್ಚಿನವು ನೆಲದಲ್ಲೇ ಗೂಡು ಮಾಡುತ್ತವೆ. ಬಿದಿರಿನ ಗೂಡು ಇಟ್ಟು ಇಡೀ ಅಂಗಳಕ್ಕೆ ಕಾಂಕ್ರೀಟು, ಟೈಲ್ಸ್ ಹಾಕಿಸಿದರೆ ಏನು ಬಂತು? ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ನೀಲಿ ಪಟ್ಟೆ ಜೇನಿಗೆ ಗೋಡೆಯೇ ಊರಾಗಿತ್ತು. ಈಗ ನಾವೇ ಅಂಥದ್ದೊಂದು ಗೋಡೆ ತುಂಡು ಮಾಡಿಕೊಡಬೇಕು.

ಕೆಮ್ಮಣ್ಣು ಮತ್ತು ಮರಳು ಜರಡಿ ಹಿಡಿದು ಸಮಸಮ ಬೆರೆಸಿ, ಗಟ್ಟಿಯಾಗಿ ಕಲಸಿ. ಅದನ್ನು ಟೊಳ್ಳು ಸಿಮೆಂಟ್ ಇಟ್ಟಿಗೆಯ ಖಾನೆಗೋ ಮರದ ಪೆಟ್ಟಿಗೆಗೋ ಒತ್ತಿ ತುಂಬಿ. ಹಸಿ ಇರುವಾಗಲೇ ಪೆನ್ಸಿಲಿನಿಂದ ಮೂರು ನಾಲ್ಕು ಸೆಂ.ಮೀ. ಆಳದ ತೂತುಗಳನ್ನು ಸ್ವಲ್ಪ ದೂರ ದೂರಕ್ಕೆ ಚುಚ್ಚಿ. ಇದು ಪೂರ್ತಿ ಗೂಡಲ್ಲ, ಆಹ್ವಾನ ಮಾತ್ರ. ಉಳಿದದ್ದನ್ನು ಅವೇ ಕೊರೆದುಕೊಳ್ಳುತ್ತವೆ. ನೆರಳಿನಲ್ಲಿ ಒಣಗಿದ ಮೇಲೆ ಉಗುರಿನಿಂದ ಗೀರಿ ನೋಡಿ. ಪುಡಿ ಉದುರಬೇಕು. ಇಟ್ಟಿಗೆಯಂತೆ ಗಟ್ಟಿಯಾಗಿದ್ದರೆ ಮರಳು ಹೆಚ್ಚಿಸಿ ಮತ್ತೆ ಕಲಸಿ. ಮುಟ್ಟಿದರೆ ಕುಸಿಯುತ್ತಿದ್ದರೆ ಮಣ್ಣು ಹೆಚ್ಚಿಸಿ. ತೂತಿರುವ ಮುಖ ಗೋಡೆಯ ಹಾಗೆ ನೇರ ನಿಲ್ಲುವಂತೆ, ಮಳೆ ಎರಚಲು ತಾಗದ ಕಡೆ ಇಡಿ.

ನೆಲ ಇರುವವರಿಗೆ ಇನ್ನೂ ಸುಲಭ. ಬಿಸಿಲು ಬೀಳುವ, ನೀರು ನಿಲ್ಲದ ಒಂದು ಮೊಳ ಜಾಗವನ್ನು ಬರಿದಾಗಿ ಬಿಡಿ. ಅಗೆಯುವುದು, ಹೊದಿಕೆ ಹಾಕುವುದು, ಪೈಪಿನಿಂದ ನೀರು ಹಾಯಿಸುವುದು ಯಾವುದೂ ಬೇಡ. ಸಣ್ಣ ತೂತು, ಅದರ ಬಾಯಿಯ ಸುತ್ತ ನುಣ್ಣನೆ ಮಣ್ಣಿನ ಗುಡ್ಡೆ ಕಂಡರೆ ಕೂಡಲೇ ಇರುವೆ ಪುಡಿ ಹಾಕಬೇಡಿ. ಸ್ವಲ್ಪ ಕಾದು ನೋಡಿ. ಜೇನಾದರೆ ಕಾಲಿಗೆ ಪರಾಗ ಮೆತ್ತಿಕೊಂಡು ಒಳಗೆ ಹೋಗುತ್ತದೆ.

ಹೆಜ್ಜೆ 5: ಒಣಕಡ್ಡಿ ಮತ್ತು ದುಂಬಿಯ ಪಾಲು

ಸೆರಟಿನ ಜೇನು ಕಾಂಡದ ನಡುವಿನ ಮೆದು ತಿರುಳು ಕೊರೆದು ಒಳಗೆ ಹೋಗುತ್ತದೆ. ಗುಲಾಬಿ, ರತ್ನಗಂಧಿ, ಲಂಟಾನ ಸವರುವಾಗ ಬುಡದವರೆಗೂ ಕತ್ತರಿಸದೆ ಒಂದೂವರೆ ಅಡಿಯಷ್ಟು ಮೋಟು ಕಡ್ಡಿ ಬಿಡಿ. ಕತ್ತರಿಸಿದ ತುದಿಯಲ್ಲಿ ತಿರುಳು ಕಾಣಬೇಕು, ಅದೇ ಅವುಗಳ ಹೆಬ್ಬಾಗಿಲು. ಕತ್ತರಿಸಿದ ಕಡ್ಡಿಗಳನ್ನು ಕಟ್ಟು ಕಟ್ಟಿ ಬೇಲಿಗೆ ಸಿಕ್ಕಿಸಿದರೂ ಆದೀತು. ಇದಕ್ಕಿಂತ ಕಡಿಮೆ ಶ್ರಮದ ಕೆಲಸ ಈ ಇಡೀ ಪಟ್ಟಿಯಲ್ಲಿ ಇಲ್ಲ.

ಕರಿದುಂಬಿಗೆ ಹೆಬ್ಬೆರಳು ಗಾತ್ರದ ತೂತಿರುವ ಬಿದಿರಿನ ತುಂಡು ಬೇರೆಯಾಗಿ ಇಡಿ. ಹೆಂಚಿನ ಮನೆಯವರಿಗೆ ದುಂಬಿ ಪಕಾಸಿ, ರೀಪು ಕೊರೆದು ನೆಲದ ಮೇಲೆ ಹೊಟ್ಟು ಉದುರಿಸುವ ತಲೆನೋವು ಗೊತ್ತು. ಅಂಥವರು ಮರಕ್ಕೆ ಬಣ್ಣ ಅಥವಾ ವಾರ್ನಿಶ್ ಹೊಡೆಸಿ, ಹಿತ್ತಲಿನ ಕೊನೆಯಲ್ಲಿ ಬಿದಿರು ಅಥವಾ ಬಣ್ಣ ಹಚ್ಚದ ಮೆದು ಮರದ ಕೊರಡು ಇಟ್ಟರೆ ಇಬ್ಬರಿಗೂ ನೆಮ್ಮದಿ.

ಬಾಗಿಲು ನೋಡಿ ಬಾಡಿಗೆದಾರರನ್ನು ಗುರುತಿಸಿ

ಕೊಳವೆಯ ಬಾಯಿ ಎಲೆಯಿಂದ ಮುಚ್ಚಿದ್ದರೆ ಎಲೆ ಕತ್ತರಿಸುವ ಜೇನು. ಹೊಳೆಯುವ ಕಂದು ಅಂಟು ಇದ್ದರೆ ಅಂಟು ಬಳಸುವ ಜೇನು. ಮಣ್ಣು ಇದ್ದರೆ ಜೇನೂ ಇರಬಹುದು, ಒಂಟಿ ಕಣಜವೂ ಇರಬಹುದು. ಕಣಜ ಎಂದು ಗಾಬರಿ ಬೇಡ. ಈ ಕಣಜಗಳು ಮರಿಗೆಂದು ಕಂಬಳಿಹುಳುಗಳನ್ನೋ ಜೇಡಗಳನ್ನೋ ಹಿಡಿದು ತುಂಬುತ್ತವೆ. ಎಲೆಕೋಸಿನ ಹುಳು ಹಿಡಿದರೆ ನಮಗೇ ಲಾಭ ಅಲ್ವಾ? ಅವೂ ಇರಲಿ. ಯಾವ ಜಾತಿ ಎಂಬ ಕುತೂಹಲವಿದ್ದರೆ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆ್ಯಪಿಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ, ತಿಳಿದವರು ಗುರುತಿಸಿಕೊಡುತ್ತಾರೆ.

ಮುಚ್ಚಿದ ದಿನವೇ ಕೊಳವೆಯ ಪಕ್ಕ ಪೆನ್ಸಿಲಿನಿಂದ ತಾರೀಕು ಬರೆಯಿರಿ. ಒಳಗೆ ಒಂದರ ಹಿಂದೆ ಒಂದು ಕೋಣೆ, ಪ್ರತಿ ಕೋಣೆಯಲ್ಲೂ ಪರಾಗ ಮಕರಂದದ ಮುದ್ದೆ, ಅದರ ಮೇಲೆ ಒಂದೇ ಮೊಟ್ಟೆ. ಬೆಚ್ಚಗಿನ ಕಾಲದಲ್ಲಿ ಒಂದೆರಡು ತಿಂಗಳಲ್ಲಿ ಹೊಸ ಜೇನು ಹೊರಬರಬಹುದು. ಕೆಲವು ಮುಂದಿನ ಹಂಗಾಮಿನವರೆಗೂ ಒಳಗೇ ಮಲಗಿರುತ್ತವೆ. ತಡವಾಯಿತೆಂದು ಬಿಚ್ಚಿ ನೋಡಬೇಡಿ.

ಇರುವೆ ಮತ್ತು ಇತರ ಕಾಟ

ನಮ್ಮ ಹವೆಯಲ್ಲಿ ದೊಡ್ಡ ಶತ್ರು ಇರುವೆ. ಒಂದು ರಾತ್ರಿಯಲ್ಲಿ ಇಡೀ ಗೂಡಿನ ಪರಾಗ, ಮೊಟ್ಟೆ ಖಾಲಿ ಮಾಡಬಲ್ಲದು. ಗೂಡನ್ನು ಕಂಬದ ಮೇಲೆ ನಿಲ್ಲಿಸಿ, ಕಂಬದ ನಡುವೆ ಒಂದು ಗೇಣಿನಷ್ಟು ಗ್ರೀಸ್ ಬಳಿಯುವುದು ಗೆಲ್ಲುವ ದಾರಿ. ಧೂಳು ಕೂತು ಒಣಗಿದಾಗ ಮತ್ತೆ ಬಳಿಯಿರಿ. ಗೋಡೆಗೆ ಹೊಡೆದಿದ್ದರೆ ಉದ್ದ ಬ್ರಾಕೆಟ್ ಹಾಕಿ ಆ ಕಬ್ಬಿಣಕ್ಕೆ ಗ್ರೀಸ್ ಹಚ್ಚಿ. ಅರಿಶಿನದ ಪುಡಿ, ಸೀಮೆಸುಣ್ಣದ ಗೆರೆ ಎಲ್ಲ ಒಂದು ಮಳೆಗೆ ಮುಗಿಯಿತು. ಮಲೆನಾಡಿನವರು ಚಗಳಿ ಇರುವೆಯ ಗೂಡಿರುವ ಮರದಿಂದ ದೂರ ಇಡಿ. ಚಗಳಿಗೆ ಗ್ರೀಸ್ ಗೀಸ್ ಲೆಕ್ಕಕ್ಕಿಲ್ಲ. ಎಲೆಯೊಂದು ತಾಗಿದ್ದರೂ ಸೇತುವೆ ಮಾಡಿಕೊಂಡು ಬರುತ್ತವೆ.

ಹಲ್ಲಿ, ಓತಿಕ್ಯಾತ, ಹಕ್ಕಿಗಳಿಗೆ ಗೂಡಿನ ಮುಂದೆ ನಾಲ್ಕೈದು ಸೆಂ.ಮೀ. ಬಿಟ್ಟು ಕೋಳಿ ಬಲೆ ಕಟ್ಟಿದರೆ ಸಾಕು. ಇನ್ನು ಕೋಗಿಲೆಯ ಬುದ್ಧಿಯ ಜೇನುಗಳೂ ಇವೆ. ಎಲೆ ಕತ್ತರಿಸುವ ಜೇನಿನ ಗೂಡಿಗೆ ಚೂಪು ಬಾಲದ ಸೀಲಿಯಾಕ್ಸಿಸ್, ನೀಲಿ ಪಟ್ಟೆಯದಕ್ಕೆ ನೀಲಿ ಚುಕ್ಕಿಯ ಥೈರಿಯಸ್ ಕಳ್ಳತನದಲ್ಲಿ ಮೊಟ್ಟೆಯಿಡುತ್ತವೆ. ಇವನ್ನು ಓಡಿಸಲು ಹೋಗಬೇಡಿ. ಕಳ್ಳರು ಬಂದಿದ್ದಾರೆ ಎಂದರೆ ಯಜಮಾನರ ಸಂಸಾರ ಚೆನ್ನಾಗಿದೆ ಎಂದೇ ಅರ್ಥ.

ಗೂಡು ಬದಲಿಸುವುದು

ಮುಚ್ಚಳದಲ್ಲಿ ದುಂಡನೆ ತೂತು ಬಿದ್ದಿದ್ದರೆ ಒಳಗಿನವರು ಹೊರಟಿದ್ದಾರೆ. ಅಂಥ ಕೊಳವೆ ತೆಗೆದು ಸುಟ್ಟು ಹಾಕಿ, ಹೊಸದು ಸೇರಿಸಿ. ಹಳೆಯದರಲ್ಲಿ ಉಣ್ಣಿಯಂಥ ಸಣ್ಣ ನುಸಿ, ಬೂಷ್ಟು ಉಳಿದಿರುತ್ತದೆ.

ವರ್ಷಕ್ಕೊಮ್ಮೆ ಇಡೀ ಕಟ್ಟು ಬದಲಿಸಬೇಕಾದಾಗ ಕೆಲವು ಕೊಳವೆ ಇನ್ನೂ ಮುಚ್ಚಿಯೇ ಇರುತ್ತವೆ. ಅವನ್ನು ಮುಚ್ಚಳವಿರುವ ರಟ್ಟಿನ ಡಬ್ಬದಲ್ಲಿ ಹಾಕಿ, ಡಬ್ಬಕ್ಕೆ ಬೆರಳು ಗಾತ್ರದ ಒಂದು ತೂತು ಮಾಡಿ, ಹೊಸ ಗೂಡಿನ ಪಕ್ಕವೇ ಮಳೆ ತಾಗದಂತೆ ಇಡಿ. ಹುಟ್ಟಿದ ಜೇನು ಬೆಳಕು ಕಂಡ ಕಡೆಗೆ ಬಂದು ಹಾರುತ್ತದೆ. ಕತ್ತಲ ಡಬ್ಬದೊಳಗೆ ವಾಪಸ್ ಹೋಗಿ ಗೂಡು ಕಟ್ಟುವ ಗೊಡವೆಗೆ ಬರುವುದು ಕಡಿಮೆ. ಮಣ್ಣಿನ ಗೂಡನ್ನು ಮಾತ್ರ ಮುಟ್ಟಬೇಡಿ, ಮಳೆಗೆ ಕರಗಿದರೆ ಪಕ್ಕದಲ್ಲಿ ಹೊಸದೊಂದು ಇಡಿ.

ವಿಷದ ವಿಚಾರ

ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಗಿಡದ ಮೈಯೆಲ್ಲ ಸೇರಿ ಪರಾಗ, ಮಕರಂದಕ್ಕೂ ಇಳಿಯುತ್ತದೆ. ಅದನ್ನು ಹೊಡೆಯುವ ಹಿತ್ತಲಿನಲ್ಲಿ ಜೇನಿನ ಗೂಡು ಇಡುವುದು ಕರೆದು ಕೊಂದಂತೆ. ನರ್ಸರಿಯಿಂದ ತರುವ ಗಿಡಕ್ಕೆ ಏನು ಹೊಡೆದಿದ್ದಾರೆ ಎಂದು ಕೇಳಿ. ಬೇವಿನ ಎಣ್ಣೆಯೂ ಪೂರ್ತಿ ನಿರಪಾಯ ಅಲ್ಲ. ಹೊಡೆಯಲೇಬೇಕಾದರೆ ಕತ್ತಲಾದ ಮೇಲೆ, ಹೂವು ಬಿಟ್ಟು ಎಲೆಗೆ ಮಾತ್ರ ಹೊಡೆಯಿರಿ. ಹೀರೆಯಂಥ ಸಂಜೆ ಅರಳುವ ಹೂವಿದ್ದರೆ ಅದರ ಹತ್ತಿರ ಹೋಗಬೇಡಿ. ಗಿಡದ ಹೇನಿಗೆ ಜೋರಾಗಿ ನೀರು ಚಿಮ್ಮಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸೊಳ್ಳೆಗೆ ಹೊಗೆ ಬಿಡುವ ದಿನ ಮೊದಲೇ ಗೊತ್ತಾದರೆ, ಗೂಡಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಹೊಗೆ ಆರಿದ ಕೂಡಲೇ ತೆಗೆಯಿರಿ.

ಕಚ್ಚುತ್ತವೆಯೇ?

ಪಕ್ಕದ ಮನೆಯವರು ಕೇಳುವ ಮೊದಲ ಪ್ರಶ್ನೆ ಇದೇ. ಕಾಯಲು ಹುಟ್ಟಿಲ್ಲ, ತುಪ್ಪವಿಲ್ಲ, ಹಾಗಾಗಿ ಹೆಜ್ಜೇನಿನಂತೆ ಗುಂಪಾಗಿ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ಗಂಡಿಗೆ ಕೊಂಡಿಯೇ ಇಲ್ಲ. ಮುಖದ ಮುಂದೆ ಬಂದು ನಿಂತು ಹೆದರಿಸುವ ದುಂಬಿ ಹೆಚ್ಚಾಗಿ ಗಂಡೇ ಆಗಿರುತ್ತದೆ. ಹೆಣ್ಣು ಕುಟುಕುವುದು ಕೈಯಲ್ಲಿ ಹಿಸುಕಿದಾಗ, ಬಟ್ಟೆಯೊಳಗೆ ಸಿಕ್ಕಿಕೊಂಡಾಗ. ಜೇನು, ಕಣಜ ಕುಟುಕಿದರೆ ಮೈಯೆಲ್ಲ ಊದುವ ಅಲರ್ಜಿ ಇರುವವರ ಮನೆಯಲ್ಲಿ ಮಾತ್ರ ಗೂಡು ಓಡಾಟದ ದಾರಿಯಿಂದ ದೂರ ಇರಲಿ. ಮಕ್ಕಳಿಗೆ ಗೂಡಿನ ಪಕ್ಕ ನಿಂತು ನೋಡಲು ಹೇಳಿ, ಎದುರಿಗೆ ನಿಂತರೆ ಹಾರುವ ದಾರಿಗೆ ಅಡ್ಡವಾಗುತ್ತದೆ.

ಮೊದಲ ಹಂಗಾಮಿನಲ್ಲಿ ಒಂದು ಕೊಳವೆಯೂ ತುಂಬದೆ ಇರಬಹುದು. ಆಗ ಗೂಡು ಬದಲಿಸುವ ಮೊದಲು ಮೂರು ವಿಷಯ ನೋಡಿ: ಕೊಳವೆಯ ಬಾಯಿ ನಯವಾಗಿದೆಯೇ, ಬೆಳಗಿನ ಬಿಸಿಲು ಬೀಳುತ್ತಿದೆಯೇ, ಇರುವೆ ಸಾಲು ಹತ್ತುತ್ತಿದೆಯೇ. ಮೂರೂ ಸರಿಯಿದ್ದರೆ ಗೂಡನ್ನು ಅಲ್ಲೇ ಬಿಟ್ಟು, ತುಂಬೆ, ಕಾಮಕಸ್ತೂರಿ ಇನ್ನೊಂದಿಷ್ಟು ಹೆಚ್ಚಿಸಿ.